ಬಿಸಿನೆಸ್ ಜೆಟ್ ಒಳಗೆ ಏನೇನಿರುತ್ತೆ? ‘ನೇತ್ರ’ಕ್ಕೂ ಅದಕ್ಕೂ ಏನು ನಂಟು?

ಯಲಹಂಕ: ಏರೋ ಇಂಡಿಯಾ ಬಂತು ಅಂದ್ರೆ ಫೈಟರ್ ವಿಮಾನಗಳ ಸದ್ದಿಗೆ ಇಡೀ ಊರು ತಲೆ ಎತ್ತಿ ನೋಡುತ್ತೆ. ಅದೇ ಮೈದಾನದಲ್ಲಿ ತೆಳ್ಳಗೆ, ಉದ್ದಕ್ಕೆ, ಬಾಲದ ಹತ್ತಿರ ಎರಡು ಎಂಜಿನ್ ಇಟ್ಟುಕೊಂಡ ಸಣ್ಣ ಜೆಟ್‌ಗಳೂ ನಿಂತಿರುತ್ತವೆ. ಇವೇ ಬಿಸಿನೆಸ್ ಜೆಟ್. ‘ದುಡ್ಡಿದ್ದವರ ಕಾರು’ ಅಂತ ಸುಮ್ಮನೆ ಮುಂದೆ ಹೋಗುವವರೇ ಜಾಸ್ತಿ. ಆದರೆ ಈ ವಿಮಾನದ ಒಂದೊಂದು ಭಾಗದ ಹಿಂದೆಯೂ ಒಂದೇ ಲೆಕ್ಕ ಇದೆ: ಕಡಿಮೆ ಜನ, ಹೆಚ್ಚು ಇಂಧನ, ಹೆಚ್ಚು ದೂರ.

37 ಸೀಟು ಹೋಗಿ 13 ಆಯ್ತು

ಬ್ರೆಜಿಲ್‌ನ ಎಂಬ್ರಯರ್ ಕಂಪನಿಯ ‘ಲೆಗಸಿ 600’ ಇದಕ್ಕೆ ಒಳ್ಳೆ ಉದಾಹರಣೆ. ಈ ಕುಟುಂಬದ ವಿಮಾನಗಳನ್ನು ನಮ್ಮ ವಾಯುಪಡೆ ದೆಹಲಿಯಲ್ಲಿ ಗಣ್ಯರ ಓಡಾಟಕ್ಕೆ ಬಳಸುತ್ತೆ. ಇದರ ಮೂಲ ಇಆರ್‌ಜೆ-135 ಅನ್ನೋ ಮಾಮೂಲಿ ಪ್ರಯಾಣಿಕ ವಿಮಾನ. ಅದರಲ್ಲಿ 37 ಸೀಟು, ಸಾಲಿಗೆ ಮೂರು. ಹಾರುವ ದೂರ ಸುಮಾರು 3,200 ಕಿ.ಮೀ.

ಆ ಸೀಟುಗಳನ್ನು ತೆಗೆದು, ಸುಮಾರು 13 ಜನಕ್ಕೆ ಜಾಗ ಉಳಿಸಿಕೊಂಡು, ಹೆಚ್ಚುವರಿ ಇಂಧನ ಟ್ಯಾಂಕ್ ಕೂರಿಸಿದಾಗ ಆದದ್ದೇ ಲೆಗಸಿ. ಎಂಟು ಜನ ಕೂತರೆ ಇದು 6,000 ಕಿ.ಮೀ.ಗೂ ಹೆಚ್ಚು ಹಾರುತ್ತೆ. ಪೂರ್ತಿ ಲೋಡ್ ಆದಾಗ ಇದರ ತೂಕ ಸುಮಾರು 22.5 ಟನ್. ಟ್ಯಾಂಕ್‌ಗಳು ತುಂಬಿದರೆ ಇಂಧನವೇ 8 ಟನ್‌ಗಿಂತ ಜಾಸ್ತಿ. ಅಂದ್ರೆ ಮೂರರಲ್ಲಿ ಒಂದು ಪಾಲಿಗೂ ಮೀರಿದ ತೂಕ ಬರೀ ಇಂಧನದ್ದು.

ಬೆಂಗಳೂರಿನಿಂದ ದುಬೈ ಸುಮಾರು 2,700 ಕಿ.ಮೀ., ಲಂಡನ್ ಸುಮಾರು 8,000 ಕಿ.ಮೀ. ಲೆಗಸಿಗೆ ದುಬೈ ಸಲೀಸು, ಲಂಡನ್‌ಗೆ ಮಾತ್ರ ನಡುವೆ ಇಳಿದು ಇಂಧನ ತುಂಬಿಸಲೇಬೇಕು. ಗಲ್ಫ್‌ಸ್ಟ್ರೀಮ್ ಜಿ650ಯಂಥ ದೊಡ್ಡ ಜೆಟ್‌ಗಳು ಸುಮಾರು 13,000 ಕಿ.ಮೀ. ಎಲ್ಲೂ ನಿಲ್ಲದೆ ಹೋಗಬಲ್ಲವು.

ಮೂಗಿನಿಂದ ಬಾಲದವರೆಗೆ

ಮೂಗು: ಇದರೊಳಗೆ ಹವಾಮಾನ ರೇಡಾರ್ ಇರುತ್ತೆ. ಮುಂದಿರುವ ಮಳೆ ಮೋಡವನ್ನು ಪೈಲಟ್‌ಗೆ ಮೊದಲೇ ತೋರಿಸುತ್ತೆ. ಹಿಂದೆಯೇ ಇಬ್ಬರು ಪೈಲಟ್‌ಗಳ ಕಾಕ್‌ಪಿಟ್.

ಬಾಗಿಲು: ಬಾಗಿಲಲ್ಲೇ ಮೆಟ್ಟಿಲು ಜೋಡಿಸಿರುತ್ತಾರೆ. ಹೊರಗಿನಿಂದ ಏಣಿ ತರುವ ಗೋಜಿಲ್ಲ. ಬಾಗಿಲ ಹತ್ತಿರವೇ ಪುಟ್ಟ ಅಡುಗೆ ಕಟ್ಟೆ.

ಕ್ಯಾಬಿನ್: ಲೆಗಸಿಯಲ್ಲಿ ಮೂರು ಭಾಗ. ಎದುರುಬದುರು ಕುರ್ಚಿ, ಊಟದ ಮೇಜು, ಮಲಗೋಕೆ ಸೋಫಾ. ಎತ್ತರ ಆರು ಅಡಿ, ಅಗಲ ಸುಮಾರು ಏಳು ಅಡಿ. ಅಗಲದಲ್ಲಿ ನಮ್ಮ ಬಿಎಂಟಿಸಿ ಬಸ್ಸಿಗಿಂತಲೂ ಕಡಿಮೆ! ಹಿಂದೆ ಶೌಚಾಲಯ, ಅದರಾಚೆ ಹಾರಾಟದಲ್ಲೇ ಹೋಗಿ ಬರಬಹುದಾದ ಲಗೇಜ್ ಕೋಣೆ.

ರೆಕ್ಕೆ: ನೋಡೋಕೆ ರೆಕ್ಕೆ, ಒಳಗೆ ಇಂಧನ ಟ್ಯಾಂಕ್. ತುದಿ ಮೇಲಕ್ಕೆ ಬಾಗಿರೋದು ಅಲಂಕಾರಕ್ಕಲ್ಲ. ರೆಕ್ಕೆಯ ತುದಿಯಲ್ಲಿ ಸುತ್ತುವ ಗಾಳಿಯ ಎಳೆತ ಕಡಿಮೆಯಾಗಿ ಇಂಧನ ಉಳಿಯುತ್ತೆ.

ಎಂಜಿನ್: ರೆಕ್ಕೆಯ ಕೆಳಗೆ ನೇತುಹಾಕಿದ್ದರೆ ನೆಲಕ್ಕೆ ತಾಗದಂತೆ ಇಡೀ ವಿಮಾನವನ್ನೇ ಎತ್ತರ ಮಾಡಬೇಕಿತ್ತು. ಆಗ ಬಾಗಿಲ ಮೆಟ್ಟಿಲು ಸಾಲುತ್ತಿರಲಿಲ್ಲ. ಹಿಂದೆ ಇಟ್ಟರೆ ಕ್ಯಾಬಿನ್ ಒಳಗೆ ಸದ್ದೂ ಕಡಿಮೆ. ಎಂಜಿನ್ ಅಲ್ಲಿ ಇರುವ ಕಾರಣ ಅಡ್ಡ ಬಾಲವನ್ನು ನೆಟ್ಟಗಿನ ಬಾಲದ ತಲೆಯ ಮೇಲೆ, ‘ಟಿ’ ಆಕಾರದಲ್ಲಿ ಕೂರಿಸುತ್ತಾರೆ.

ಆಕಾಶದಲ್ಲಿ ನಂದಿ ಬೆಟ್ಟ

ಲೆಗಸಿ 41,000 ಅಡಿ, ಜಿ650 ಗರಿಷ್ಠ 51,000 ಅಡಿ ಎತ್ತರಕ್ಕೆ ಏರುತ್ತೆ. ಅಲ್ಲಿ ಗಾಳಿ ತೆಳು, ಹಾಗಾಗಿ ಇಂಧನ ಉಳಿತಾಯ. ಆದರೆ ಆ ಗಾಳಿಯಲ್ಲಿ ಮನುಷ್ಯ ಉಸಿರಾಡೋಕೆ ಆಗಲ್ಲ. ಅದಕ್ಕೇ ಒಳಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಜಿ650 ಅಷ್ಟು ಮೇಲಿದ್ದಾಗಲೂ ಒಳಗಿನ ಗಾಳಿ ಸುಮಾರು 4,850 ಅಡಿ ಎತ್ತರದ್ದು. ನಮ್ಮ ನಂದಿ ಬೆಟ್ಟದ ತುದಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಹೊರಕ್ಕೆ ತಳ್ಳುವ ಈ ಒತ್ತಡ ಒಂದೇ ಕಡೆ ಬೀಳದಿರಲಿ ಅಂತಲೇ ವಿಮಾನದ ಒಡಲು ದುಂಡಗೆ, ಕಿಟಕಿಗಳ ಮೂಲೆ ಬಾಗಿದಂತೆ ಇರೋದು.

ಸೋಫಾ ಬದಲು ಪರದೆ: ನಮ್ಮ ‘ನೇತ್ರ’

ಇದೇ ಎಂಬ್ರಯರ್ ಕುಟುಂಬದ, 50 ಸೀಟಿನ 145 ಮಾದರಿಯ ಒಡಲಿನ ಮೇಲೆ ಬೆಂಗಳೂರಿನಲ್ಲೇ ಇರುವ ಡಿಆರ್‌ಡಿಒದ ‘ಕ್ಯಾಬ್ಸ್’ ಸಂಸ್ಥೆ ‘ನೇತ್ರ’ ರೂಪಿಸಿತು. 2008ರಲ್ಲಿ ಮೂರು ವಿಮಾನಕ್ಕೆ ಒಪ್ಪಂದವಾಗಿ, 2012ರ ಆಗಸ್ಟ್‌ನಲ್ಲಿ ಮೊದಲನೆಯದು ಬೆಂಗಳೂರಿಗೆ ಬಂತು. 2017ರ ಫೆಬ್ರುವರಿ 14ರಂದು ಯಲಹಂಕದ ಏರೋ ಇಂಡಿಯಾದಲ್ಲೇ ಅದನ್ನು ವಾಯುಪಡೆಗೆ ಹಸ್ತಾಂತರಿಸಿದರು.

ಇಲ್ಲಿ ಸೋಫಾ ಇರಬೇಕಾದ ಜಾಗದಲ್ಲಿ ಸಿಬ್ಬಂದಿ ಕೂತು ನೋಡುವ ಪರದೆಗಳು. ಬೆನ್ನ ಮೇಲೆ ಹಲಗೆಯಂಥ ಉದ್ದನೆಯ ರೇಡಾರ್; ಎರಡೂ ಪಕ್ಕ ಸೇರಿ 240 ಡಿಗ್ರಿ ನೋಡುತ್ತೆ. ಇದಕ್ಕಾಗಿ ವಿಮಾನದ ವಿದ್ಯುತ್, ತಂಪು ಮಾಡುವ ವ್ಯವಸ್ಥೆ ಎರಡನ್ನೂ ಹೆಚ್ಚಿಸಬೇಕಾಯಿತು. ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳೋಕೆ ಮೂಗಿನ ಹತ್ತಿರ ಕೊಳವೆ ಇದೆ. ಐದು ಗಂಟೆಯ ಹಾರಾಟ ಅದರಿಂದ ಸುಮಾರು ಒಂಬತ್ತು ಗಂಟೆ ಆಗುತ್ತೆ.

ಅಂಗಡಿಯವರಿಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಇದೆ. ಫೈಟರ್ ಇರಲಿ, ಬಿಸಿನೆಸ್ ಜೆಟ್ ಇರಲಿ, ಎಂಜಿನ್ ಬಾಯಲ್ಲಿ ವೇಗವಾಗಿ ತಿರುಗುವ ಬ್ಲೇಡ್‌ಗಳಿರುತ್ತವೆ. ಒಂದು ಹದ್ದು ಒಳಗೆ ಹೋದರೂ ಬ್ಲೇಡ್ ಮುರಿದು ಎಂಜಿನ್ ನಿಲ್ಲಬಹುದು. ಇಂಥ ಡಿಕ್ಕಿ ಹೆಚ್ಚಾಗಿ ಆಗೋದು ಏರುವಾಗ, ಇಳಿಯುವಾಗ. ಅಂದ್ರೆ ನಮ್ಮ ಮನೆ, ಅಂಗಡಿಗಳ ಮೇಲೆಯೇ. ಬಯಲಲ್ಲಿ ಬಿದ್ದ ಮಾಂಸದ ತ್ಯಾಜ್ಯ ಹದ್ದುಗಳನ್ನು ಕರೆಯುತ್ತೆ.

ಇದೇ ಕಾರಣಕ್ಕೆ ಏರೋ ಇಂಡಿಯಾ ಸಮಯದಲ್ಲಿ ಮಾಂಸ ಮಾರಾಟಕ್ಕೆ ನಿಷೇಧ ಬರುತ್ತೆ. 2023ರಲ್ಲಿ ವಾಯುನೆಲೆಯಿಂದ 10 ಕಿ.ಮೀ. ಒಳಗೆ, ಜನವರಿ 30ರಿಂದ ಫೆಬ್ರುವರಿ 20ರವರೆಗೆ ಬಿಬಿಎಂಪಿ ನಿಷೇಧ ಹಾಕಿತ್ತು. 2025ರಲ್ಲಿ ವ್ಯಾಪ್ತಿ 13 ಕಿ.ಮೀ., ಅವಧಿ ಜನವರಿ 23ರಿಂದ ಫೆಬ್ರುವರಿ 17. ಐದು ದಿನದ ಪ್ರದರ್ಶನಕ್ಕೆ 26 ದಿನ ವ್ಯಾಪಾರ ಬಂದ್. ದಿನದ ದುಡಿಮೆ ನಂಬಿದ ಮಾಂಸದಂಗಡಿಗೂ ನಾನ್‌ವೆಜ್ ಹೋಟೆಲಿಗೂ ಇದು ಸಣ್ಣ ಪೆಟ್ಟಲ್ಲ.

ನಿಷೇಧ ಮುಗಿದ ಮೇಲೂ ಹಕ್ಕಿಗಳು ಇಲ್ಲೇ ಇರುತ್ತವೆ, ವಿಮಾನಗಳೂ ಹಾರುತ್ತಲೇ ಇರುತ್ತವೆ. ತ್ಯಾಜ್ಯವನ್ನು ರಸ್ತೆ ಬದಿಗೆ, ಕೆರೆ ಅಂಚಿಗೆ ಸುರಿಯದೆ ಮುಚ್ಚಿದ ಡಬ್ಬದಲ್ಲಿಟ್ಟು ಗಾಡಿಗೆ ಕೊಡೋದು ವರ್ಷಪೂರ್ತಿ ಬೇಕಾದ ಕೆಲಸ. ಅದನ್ನು ತಪ್ಪದೆ ಎತ್ತಿಸೋದು ಪಾಲಿಕೆಯ ಜವಾಬ್ದಾರಿ. ವ್ಯಾಪಾರಿಗಳಿಗೆ ಇನ್ನೊಂದು ಮಾತು: ವ್ಯಾಪ್ತಿ, ದಿನಾಂಕ ಪ್ರತಿ ಸಲ ಬದಲಾಗುತ್ತೆ. ಪ್ರದರ್ಶನದ ವರ್ಷ ಸರಕು ತರಿಸುವ ಮೊದಲೇ ಆದೇಶದ ಪ್ರತಿ ನೋಡಿಕೊಳ್ಳಿ.