ಜವಳಗೇರಾದಲ್ಲಿ ಕಂಡ ಬೆಳಕು

1980ರ ಫೆಬ್ರವರಿ 16ರ ಮಧ್ಯಾಹ್ನ ಬ್ರೂಸ್‌ಪೇಟೆಯ ನಮ್ಮ ಮನೆಯ ಬಾಗಿಲು, ಕಿಟಕಿಗಳೆಲ್ಲ ಮುಚ್ಚಿದ್ದವು. ಗ್ರಹಣವೆಂದು ಅಜ್ಜಿ ಹೊರಗೆ ಬಿಡಲಿಲ್ಲ. ಕಾಲೇಜು ಓದುತ್ತಿದ್ದ ನಾನೂ ಎದುರಾಡಲಿಲ್ಲ. ಅದೇ ಹೊತ್ತಿನಲ್ಲಿ ನಮಗೆ ಉತ್ತರದ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಪೂರ್ಣಗ್ರಹಣವನ್ನು ವೀಕ್ಷಿಸುತ್ತಿದ್ದರು.

ಆಗ ಕಾಣುವ ಪ್ರಭಾವಲಯದ ಮುತ್ತಿನಂಥ ಬೆಳಕು ಬಹುಮಟ್ಟಿಗೆ ಎಲೆಕ್ಟ್ರಾನುಗಳು ಚದುರಿಸಿದ ಬಿಸಿಲೇ. ಈ ಎಲೆಕ್ಟ್ರಾನುಗಳು ಗಾಣದ ಎತ್ತಿನಂತೆ ಕಾಂತರೇಖೆಗಳನ್ನು ಸುತ್ತುತ್ತಿರುತ್ತವೆ. ವಿರುದ್ಧ ದಿಕ್ಕಿನ ರೇಖೆಗಳು ಎದುರಾದಲ್ಲಿ ಕಡಿದು, ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಇದೇ ಕಾಂತೀಯ ಮರುಜೋಡಣೆ. ಸ್ವೀಟ್ ಮತ್ತು ಪಾರ್ಕರ್ 1950ರ ದಶಕದಲ್ಲೇ ಇದರ ಲೆಕ್ಕ ಹಾಕಿದ್ದರು. ಆದರೆ ಆ ವೇಗ ಸೌರಜ್ವಾಲೆಗೆ ಏನೇನೂ ಸಾಲದು.

ಭೂಮಿಯ ಕಾಂತಾವರಣದ ಅಂಚಿನಲ್ಲೂ ಮರುಜೋಡಣೆ ನಡೆಯುತ್ತದೆ. 2015ರ ಅಕ್ಟೋಬರ್ 16ರಂದು ನಾಸಾದ ಎಂಎಂಎಸ್ ಯೋಜನೆಯ ನಾಲ್ಕು ನೌಕೆಗಳು ಅಂಥ ಜಾಗವನ್ನೇ ಹಾದುಹೋದವು. ಎಲೆಕ್ಟ್ರಾನುಗಳು ಗಾಣ ಕಳಚಿಕೊಂಡು, ವಿದ್ಯುತ್ ಕ್ಷೇತ್ರದಿಂದ ವೇಗ ಪಡೆದು ಹೊರಚಿಮ್ಮುವುದು ಅಳತೆಗೆ ಸಿಕ್ಕಿತು. ಅವುಗಳ ಉಪಕರಣ ಎಲೆಕ್ಟ್ರಾನುಗಳನ್ನು ಅಳೆಯುವುದು 30 ಮಿಲಿಸೆಕೆಂಡಿಗೊಮ್ಮೆ! ನಾನು ಪಾಠ ಹೇಳುತ್ತಿದ್ದಾಗ ಇದೊಂದೂ ತಿಳಿದಿರಲಿಲ್ಲ.

2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಅದೇ ಖಭೌತ ಸಂಸ್ಥೆ ನಿರ್ಮಿಸಿದ ಉಪಕರಣವಿದೆ. ಸೂರ್ಯಬಿಂಬವನ್ನು ತಾನೇ ಮರೆಮಾಡಿ ಪ್ರಭಾವಲಯವನ್ನು ನೋಡುವ ಅದಕ್ಕೆ ಗ್ರಹಣ ಬೇಕಿಲ್ಲ.