ಇರುಳನ್ನು ಸಾರುವ ಹಾರ್ಮೋನು

ತಾಯ್ನಾಡಿನಿಂದ ಅಮೆರಿಕಕ್ಕೆ ಮರಳಿದ ಮೊದಲ ರಾತ್ರಿಗಳಲ್ಲಿ ನಿದ್ದೆ ಬಾರದೆ ಕುಳಿತಾಗ ನಾನು ನೆನೆಯುವುದು ಮಿದುಳಿನ ನಡುವೆ ಅಡಗಿರುವ ಪುಟ್ಟ ಪೀನಿಯಲ್ ಗ್ರಂಥಿಯನ್ನು. ಹದಿನೇಳನೆಯ ಶತಮಾನದ ತತ್ತ್ವಜ್ಞಾನಿ ಡೆಕಾರ್ಟ್ ಅದನ್ನು ಆತ್ಮದ ನೆಲೆಯೆಂದು ಬಗೆದಿದ್ದನು. 1917ರಲ್ಲಿ ಮೆಕ್ಕಾರ್ಡ್ ಮತ್ತು ಆಲೆನ್ ಎಂಬ ವಿಜ್ಞಾನಿಗಳು, ಆ ಗ್ರಂಥಿಯ ಸಾರವು ಗೊದಮೊಟ್ಟೆಗಳ ಚರ್ಮದ ಬಣ್ಣವನ್ನು ತಿಳಿಯಾಗಿಸುವುದನ್ನು ಕಂಡರು. ಈ ಜಾಡನ್ನೇ ಹಿಡಿದು, ಚರ್ಮರೋಗಗಳಿಗೆ ಮದ್ದು ದೊರೆತೀತೆಂಬ ಆಸೆಯಿಂದ, ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಏರನ್ ಲರ್ನರ್ ಮತ್ತು ಸಂಗಡಿಗರು ಸಾವಿರಾರು ದನಗಳ ಪೀನಿಯಲ್ ಗ್ರಂಥಿಗಳನ್ನು ಸಂಸ್ಕರಿಸಿ, 1958ರಲ್ಲಿ ಮೆಲಟೋನಿನ್ನನ್ನು ಬೇರ್ಪಡಿಸಿದರು.

ಚರ್ಮಕ್ಕೆ ಅದು ಮದ್ದಾಗಲಿಲ್ಲ. ಆದರೆ ಇರುಳಾಯಿತೆಂದು ದೇಹಕ್ಕೆ ಸಾರುವ ಹಾರ್ಮೋನು ಅದೆಂಬುದು ಮುಂದೆ ತಿಳಿಯಿತು. 1980ರಲ್ಲಿ ಆಲ್ಫ್ರೆಡ್ ಲ್ಯೂಯಿ ಮತ್ತು ಸಹೋದ್ಯೋಗಿಗಳು, ರಾತ್ರಿಯ ವೇಳೆ 2,500 ಲಕ್ಸ್‌ನಷ್ಟು ಪ್ರಖರ ಬೆಳಕು ಬಿದ್ದರೆ ಮನುಷ್ಯರಲ್ಲಿ ಅದರ ಸ್ರಾವ ಕುಗ್ಗುವುದೆಂದು ತೋರಿಸಿಕೊಟ್ಟರು. ಒಳಗಿನ ಗಡಿಯಾರವನ್ನು ಹೊರಗಿನ ಬೆಳಕು ತಿದ್ದಬಲ್ಲುದೆಂಬ ಅರಿವಿಗೆ ಇದು ಬಲ ನೀಡಿತು.

ಕೈಗಡಿಯಾರದ ಮುಳ್ಳನ್ನು ನಾವು ವಿಮಾನದಲ್ಲಿಯೇ ತಿರುಗಿಸಿಕೊಳ್ಳುತ್ತೇವೆ. ದೇಹದೊಳಗಿನ ಇರುಳು ಮಾತ್ರ ಕೆಲವು ದಿನ ಊರಿನಲ್ಲಿಯೇ ಉಳಿದಿರುತ್ತದೆ. ಅದನ್ನು ಇಲ್ಲಿಗೆ ಕರೆತರಲು ಈ ನೆಲದ ಹಗಲಿನ ಬೆಳಕೇ ನನಗೆ ಆಸರೆ.