ಶಾಸನಸಭೆಗಳಲ್ಲಿ ಮಾಹಿತಿ ತಂತ್ರಜ್ಞಾನ: ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಒಂದು ನೋಟ

ಶಾಸನಸಭೆಗಳು ಮಾಹಿತಿ ತಂತ್ರಜ್ಞಾನವನ್ನು ಒಪ್ಪಿಕೊಳ್ಳಲು ಹಣ, ಸಲಕರಣೆ, ತರಬೇತಿ ಬೇಕೆನ್ನುವುದು ವಾಡಿಕೆ. ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ನೋಡಿದರೆ ಈ ಉತ್ತರ ಸಾಲದು. 1966ರಲ್ಲಿ ನೆಲೆಗೊಂಡ ಇಲ್ಲಿನ ಜನ ಹಿಮಾಚಲ ಪ್ರದೇಶದ ಧರ್ಮಶಾಲಾದಲ್ಲಿ ಸೇರುವ ನಿರಾಶ್ರಿತ ಟಿಬೆಟನ್ನರ ಸಂಸತ್ತಿಗೆ ಮತ ಹಾಕುತ್ತಾರೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು, ಚುನಾವಣಾ ಆಯೋಗದ 2014ರ ಸೂಚನೆಯ ಮೇರೆಗೆ, ಯಲ್ಲಾಪುರ ವಿಧಾನಸಭಾ ಕ್ಷೇತ್ರದ ಮತದಾರರೂ ಆಗಬಹುದು. ಒಂದೇ ಕ್ಯಾಂಪಿಗೆ ಎರಡು ಸದನಗಳ ನಂಟು.

ಟಿಬೆಟನ್ ಸಂಸತ್ತಿನ 45 ಸ್ಥಾನಗಳಲ್ಲಿ ಮೂವತ್ತು, ಬಿಟ್ಟುಬಂದ ಮೂರು ಪ್ರಾಂತಗಳ ಹೆಸರಿನವು. ಇಲ್ಲಿನ ಡ್ರೆಪುಂಗ್, ಗಾಂದೆನ್ ಮಠಗಳ ಭಿಕ್ಷುಗಳು ಪ್ರಾಂತದ ಜೊತೆಗೆ ತಮ್ಮ ಪಂಥದ ಪ್ರತಿನಿಧಿಗಳನ್ನೂ ಆರಿಸುತ್ತಾರೆ. ಆ ಪ್ರತಿನಿಧಿ ಬೈಲಕುಪ್ಪೆಯಲ್ಲಿರಬಹುದು, ದೆಹಲಿಯಲ್ಲಿರಬಹುದು. ಚದುರಿದ ಇಂಥ ಮತದಾರರಿಗೆ ಅಧಿವೇಶನದ ನೇರಪ್ರಸಾರವೇ ಸದನದ ಗ್ಯಾಲರಿ. ಕಂಪ್ಯೂಟರುಗಳ ಅಕ್ಷರ ಸಂಕೇತವಾದ ಯುನಿಕೋಡ್‌ಗೆ 1996ರಲ್ಲಿ ಟಿಬೆಟನ್ ಲಿಪಿ ಮರಳಿ ಸೇರಿದ್ದೂ, ಆ ಲಿಪಿಯ ಬರಹವನ್ನು ತೆರೆಯ ಮೇಲೆ ಓದಲು ನೆರವಾಯಿತು.

ದೂರ ತಂತ್ರಜ್ಞಾನದತ್ತ ತಳ್ಳಿದರೆ ಭಯ ಹಿಂದಕ್ಕೆಳೆಯಿತು. 2009ರ ಮಾರ್ಚ್‌ನಲ್ಲಿ ಟೊರೊಂಟೊದ ಸಂಶೋಧಕರು ಬಯಲಿಗೆಳೆದ 'ಘೋಸ್ಟ್‌ನೆಟ್' ಗೂಢಚರ್ಯೆ 103 ದೇಶಗಳ 1,295 ಕಂಪ್ಯೂಟರುಗಳಿಗೆ ಹೊಕ್ಕಿತ್ತು. ದಲೈ ಲಾಮಾ ಅವರ ಕಚೇರಿಯವೂ ಅದರಲ್ಲಿದ್ದವು. ನಂಬಿಕಸ್ಥರ ಹೆಸರಿನಲ್ಲಿ ಇ-ಮೇಲ್ ಬರುತ್ತಿತ್ತು. ಜೊತೆಗಿದ್ದ ಕಡತ ತೆರೆದರೆ ಸಾಕು, ಕಂಪ್ಯೂಟರ್ ಪರರ ಕೈಸೇರುತ್ತಿತ್ತು. ಅದರ ಕ್ಯಾಮೆರಾ, ಮೈಕ್ ಕೂಡ. ಇಂಥ ಸಮುದಾಯ ಕಾಗದವನ್ನು ಬಿಡಲು ಹಿಂಜರಿದರೆ ಅದನ್ನು ಹಿಂದುಳಿದಿರುವಿಕೆ ಎನ್ನುವುದು ಅನ್ಯಾಯ.

ಇನ್ನೊಂದು ಸದನವಾದ ಬೆಂಗಳೂರಿನ ಕರ್ನಾಟಕ ವಿಧಾನಸಭೆಗೆ ಈ ದೂರವೂ ಇಲ್ಲ, ಈ ಭಯವೂ ಇಲ್ಲ. ಆದರೂ ಕಾಗದರಹಿತ ಸದನವಾಗಿ 2014ರಲ್ಲಿ ಮೊದಲು ಹೆಸರಾದದ್ದು ಹಿಮಾಚಲ ಪ್ರದೇಶ. ಸದನದ ಕೆಲಸವನ್ನು ಡಿಜಿಟಲ್ ಮಾಡುವ ಕೇಂದ್ರದ 'ನೇವಾ' ವ್ಯವಸ್ಥೆಯನ್ನು 2022ರಲ್ಲಿ ಮೊದಲು ಜಾರಿಗೆ ತಂದದ್ದು ನಾಗಾಲ್ಯಾಂಡ್. ಐಟಿ ರಾಜಧಾನಿಯ ಹೆಗ್ಗಳಿಕೆ ಇಲ್ಲಿ ಕೆಲಸಕ್ಕೆ ಬರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಖಾಸಗಿ ವಾಹಿನಿಗಳ ಕ್ಯಾಮೆರಾ ಹೊರಗಿಟ್ಟ ವಿಧಾನಸಭೆಯೇ 2024ರಲ್ಲಿ ಶಾಸಕರ ಹಾಜರಿ ಗುರುತಿಸುವ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ಅಳವಡಿಸಿತು. ಯಾರು ಯಾರನ್ನು ನೋಡಬೇಕೆಂಬುದನ್ನು ಸದನವೇ ತೀರ್ಮಾನಿಸುತ್ತದೆ. ತಂತ್ರಜ್ಞಾನದ ಆಯ್ಕೆ ಆ ತೀರ್ಮಾನವನ್ನೇ ಹಿಂಬಾಲಿಸುತ್ತದೆ ಎಂಬುದು ನನ್ನ ವಾದ.

ಹಾಜರಿಗೆ ಬಳಸಿದ ಜಾಣ್ಮೆಯನ್ನೇ, ಮುಂಡಗೋಡದ ಮತದಾರ ತನ್ನ ಶಾಸಕರು ಸದನದಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಹುಡುಕಿ ಓದಲೂ ವಿಧಾನಸಭೆ ಬಳಸಲಿ.